ನಾಲಗೆ ಪಾಸು ಮಾಡಿದ ಮೀನು

ಏಪ್ರಿಲ್ 14, ಬೆಳಿಗ್ಗೆ ಒಂಬತ್ತು

ನಾಲ್ಕು ಬೇಲಿಯ ಮೀನು ರುಚಿ ನೋಡಿದೆ. ನಾಲ್ಕೂ ಫೇಲು. ಸರೋವರದ ಪಡುವಣ ದಡದಲ್ಲಿ ನೀರು ಅರೆದ ನುಗ್ಗೆಸೊಪ್ಪಿನಂತಾಗಿದೆ. ಹಂದಿದೊಡ್ಡಿಯ ತೊಳೆನೀರು, ಊರ ಬಚ್ಚಲು, ಮೀನಿಗೆಂದು ಸುರಿದ ಮೇವು... ಎಲ್ಲ ತಿಂದುಕೊಂಡು ಪಾಚಿ, ಮದುವೆ ಮುಗಿದರೂ ಹೊರಡದ ನೆಂಟರ ಹಾಗೆ ಬೀಡುಬಿಟ್ಟಿದೆ. ಅಲ್ಲಿಯ ಬಾಂಗೂಸ್ ಮೀನನ್ನು ಉಪ್ಪಿಲ್ಲದೆ ಹಬೆಯಲ್ಲಿ ಬೇಯಿಸಿ ಬಾಯಿಗಿಟ್ಟರೆ ಥೇಟು ನೆನೆದ ಚಪ್ಪಲಿ.

ಹತ್ತೊಂಬತ್ತು ವರ್ಷದಿಂದ ಮೀನು ಸಾಕುವವರ ಸಂಘಕ್ಕೆ ನಾಲಗೆ ಎಂದರೆ ನನ್ನದೇ. ಸರೋವರದಲ್ಲಿ ಬಲೆಬೇಲಿ ಕಟ್ಟಿ ಮೀನು ಸಾಕುತ್ತಾರೆ; ಅದನ್ನು ಎತ್ತುವ ಮೊದಲು ಒಂದು ಮೀನು ನನ್ನ ಪಾತ್ರೆಗೆ ಬರಬೇಕು. ನಾನು ಹೂಂ ಅನ್ನದೆ ಒಂದು ಬುಟ್ಟಿಯೂ ಮಾರುಕಟ್ಟೆಗೆ ಹೋಗದು. ಬಿಷಪ್ಪರಿಗೂ ಇಷ್ಟು ಅಧಿಕಾರವಿಲ್ಲ — ಅವರ ಮೇಲೆ ಪೋಪ್ ಇದ್ದಾರೆ.

ಐದನೆಯದು ಮೂಡಣ ದಡ, ಹೊಳೆ ಬಂದು ಸೇರುವಲ್ಲಿ. ಮಾಂಗ್ ಓಸ್ತಿಂಗ್ ಅವರ ಬೇಲಿ. ತಿಳಿನೀರು. ಮೀನು ಬೆಣ್ಣೆ. ಪಾಸು.

ಪಾಸಾದ ಬೇಲಿಯಲ್ಲಿ ನನಗೊಂದು ಪಾಲುಂಟು. ಮೀನುಮರಿ ತಿನ್ನಲು ಒಳನುಸುಳುವ ದಲಾಗ್ — ಹಾವಿನ ತಲೆಯ ಕಳ್ಳಮೀನು — ರುಚಿ ನೋಡಿದವಳಿಗೆ. ಅಜ್ಜಂದಿರ ಕಾಲದ ಕಟ್ಟಳೆ.

"ಅಲಿಂಗ್ ಸಿದಾ, ಇವತ್ತಿಂದು ಮೊಣಕೈ ಉದ್ದ ಇದೆ. ನಿಮ್ಮ ಮೊಮ್ಮಗೂಗೆ," ಎಂದು ಮಾಂಗ್ ಓಸ್ತಿಂಗ್ ನನ್ನ ಕೈಗಿಟ್ಟರು.

"ಮೊಮ್ಮಗು ಇನ್ನೂ ಹೊಟ್ಟೇಲಿದೆ ಕಣ್ರೀ. ಹಲ್ಲು ಬಂದಿಲ್ಲ."

"ಅದರಮ್ಮಂಗೆ ಬಂದಿದೆಯಲ್ಲ."

ಬಂದಿದೆ. ಮಗಳು ಲುವಾಲ್ಹಾತಿಗೆ ಆರು ತಿಂಗಳು. ಶುಂಠಿ, ಸೀಮೆಬದನೆಕಾಯಿ, ನುಗ್ಗೆಸೊಪ್ಪು ಹಾಕಿ ದಲಾಗ್ ಸಾರು ಮಾಡಿಕೊಟ್ಟರೆ ಬಟ್ಟಲೆತ್ತಿ ಕುಡಿಯುತ್ತಾಳೆ. ನಾಲ್ಕು ತಿಂಗಳಿಂದ ನಡೆದಿದೆ ಈ ಸೇವೆ. ಮಗು ಈಜುತ್ತಲೇ ಹುಟ್ಟೀತು.

ಏಪ್ರಿಲ್ 17

ವಿಶ್ವವಿದ್ಯಾಲಯದಿಂದ ಒಬ್ಬಳು ಬಂದಿದ್ದಳು. ಮಿಸ್ ಮಾಯುಮಿ. ಗಾಳಿ ಬಂದರೆ ಹಾರಿಹೋಗುವಷ್ಟು ಸಣ್ಣ. ಪ್ರತಿ ಬೇಲಿಯ ಮೀನೂ ಬೇಕಂತೆ, ನಾನು ಉಗಿದದ್ದೂ ಸೇರಿ.

"ಫೇಲಾದೋರ ಉತ್ತರಪತ್ರಿಕೆ ನಿಂಗ್ಯಾಕೆ ಮಗಳೇ?"

"ನಾಲಗೆಗೆ ಗೊತ್ತಾಗದ್ದೂ ಇರುತ್ತಲ್ಲ, ಅಲಿಂಗ್ ಸಿದಾ."

ಪಾಪ, ಚಿಕ್ಕ ವಯಸ್ಸು. ಕ್ಷಮಿಸಿದೆ. ಕ್ಷಮಿಸಿದ್ದಷ್ಟೇ ಅಲ್ಲ, ಅಡುಗೆಮನೆಯಿಂದ ಇವತ್ತಿನ ದಲಾಗಿನ ಬಾಲದ ತುಂಡೊಂದನ್ನೂ ತಂದುಕೊಟ್ಟೆ. ನೋಡಲಿ, ಮೊದಲ ರ‍್ಯಾಂಕ್ ಎಂದರೆ ಏನೆಂದು.

ಮೇ 2, ಮಧ್ಯಾಹ್ನ

ಇದನ್ನೂ ಬರೆದಿಡುತ್ತೇನೆ.

ಮಾಯುಮಿ ಕಾಗದ ತಂದಳು. ಪಾದರಸವಂತೆ. ಹೊಳೆಯ ಮೇಲ್ಗಡೆ ಬಾಗಿಲು ಹಾಕಿದ ಟ್ಯೂಬ್‌ಲೈಟ್ ಕಾರ್ಖಾನೆ ಇದೆಯಲ್ಲ, ಅದರ ಹಳೆಯ ಹೊಂಡದಿಂದ ಇರಬೇಕು ಎಂದಳು. ನಾನು ಉಗಿದ ಮೀನಿನಲ್ಲಿ ಕಡಿಮೆ. ನಾನು ಪಾಸು ಮಾಡಿದ್ದರಲ್ಲಿ ಅದರ ಮೂರರಷ್ಟು. ದಲಾಗ್ ಬಾಲದ್ದನ್ನು ಬಾಯಲ್ಲಿ ಹೇಳಲಿಲ್ಲ. ಪೆನ್ನಿನಿಂದ ಸುತ್ತು ಹಾಕಿ ತೋರಿಸಿದಳು. ಇಷ್ಟರ ಮೇಲೆ ತಿನ್ನಬಾರದು ಎಂಬ ಗೆರೆ ಪುಟದಲ್ಲಿ ಎಲ್ಲೋ ಕೆಳಗೆ, ಅಂಗಾಲಿನ ಹತ್ತಿರ ಇತ್ತು.

"ತಲೆಕೆಳಗಾಗಿ ಹಿಡಿದಿಲ್ಲ ತಾನೇ?" ಎಂದೆ.

"ಇಲ್ಲ. ಊರೂಟ ಅಂದ್ಕೊಳಿ. ಒಂದು ಚಮಚ ವಿಷ ಸಾವಿರ ತಟ್ಟೆಗೆ ಹಂಚಿಹೋದ್ರೆ ಒಬ್ಬೊಬ್ರಿಗೆ ಎಷ್ಟು ಬಂತು? ಹಸಿರು ನೀರಲ್ಲಿ ಪಾಚಿನೇ ಆ ಸಾವಿರ ತಟ್ಟೆ. ತಿಳಿನೀರಲ್ಲಿ ತಟ್ಟೆ ಹತ್ತೇ. ಚಮಚ ಅದೇ."

"ದಲಾಗು?"

"ಆ ಹತ್ತೂ ತಟ್ಟೆ ಉಂಡವರನ್ನ ನುಂಗಿ ನುಂಗಿ ಬೆಳೆಯೋದು ಅದು. ಒಳಗೆ ಹೋಗಿದ್ದು ಬೇಗ ಹೊರಗೆ ಬರಲ್ಲ."

"ಹಂಗಾದ್ರೆ ಇನ್ಮೇಲೆ ಚಪ್ಪಲಿ ವಾಸನೇದೇ ತಿನ್ನಬೇಕಾ?"

"ಅದರಲ್ಲಿ ಸತ್ವ ಇಲ್ಲ. ಆ ಪಾಚಿ ಹೊಟ್ಟೆ ತುಂಬ್ಸುತ್ತೆ, ಮೈಗೆ ಹತ್ತಲ್ಲ. ಮೀನಿಗೆ ಒಳ್ಳೆ ಎಣ್ಣೆ ಅಂಶಾನೇ ಕೂಡಿಲ್ಲ." ಕಾಗದ ಮಡಚಿ ನನ್ನ ಕೈಗಿಟ್ಟಳು. "ಮನೇಲಿ ಬಸುರಿ ಯಾರೂ ಇಲ್ಲ ಅಲ್ವಾ? ಹೊಟ್ಟೇಲಿರೋ ಮಗುವಿನ ಮಿದುಳಿಗೆ ಅದು..."

ಒಳಗೆ ಲುವಾಲ್ಹಾತಿ ಬಟ್ಟಲು ತೊಳೆಯುತ್ತಿದ್ದಳು. ನಲ್ಲಿಯ ಸದ್ದು ಕೇಳುತ್ತಿತ್ತು. ನಾನು ಇಲ್ಲ ಎಂದೆ.

ಯಾಕೆ ಹಾಗೆಂದೆ, ಈಗಲೂ ತಿಳಿಯದು.

ಅದೇ ದಿನ, ಸಂಜೆ

ಉಳಿದ ಸಾರನ್ನು ಗುಂಡಿ ತೋಡಿ ಸುರಿದೆ.

"ಯಾಕಮ್ಮಾ? ಯಾಕೆ ನಾನಾಯ್?" ಎಂದಳು ಮಗಳು.

"ಕೆಸರು ವಾಸನೆ."

ತಲೆಯಾಡಿಸಿದಳು. ಈ ಮನೆಯಲ್ಲಿ ಅದಕ್ಕೆ ಎರಡನೇ ಮಾತಿಲ್ಲ. ನಾಲಗೆಯ ಹೆಸರಿನಲ್ಲಿ ನಾನು ಹೇಳಿದ ಮೊದಲ ಸುಳ್ಳು. ಬಲು ಸಲೀಸಾಗಿ ಬಂತು.

ಮೇ 3

ಮಾಂಗ್ ಓಸ್ತಿಂಗ್ ಅವರಿಗೂ ಅದನ್ನೇ ಹೇಳಿದೆ. ನಿಮ್ಮ ದಲಾಗ್ ಕೆಸರು, ಇನ್ನು ಬೇಡ. ಅವರ ಮುಖ ನೋಡಬೇಕಿತ್ತು. ಹೆಂಡತಿಯ ನಡತೆಯ ಮೇಲೆ ಮಾತಾಡಿದ್ದರೂ ಅಷ್ಟು ಕೆಂಪಾಗುತ್ತಿರಲಿಲ್ಲ.

ಪರವಾಗಿಲ್ಲ. ಮನೆಗೆ ಮೀನು ಬರುವುದು ನಿಂತಿತಲ್ಲ. ಮಗಳನ್ನು ಹೆದರಿಸದೆ ಕೆಲಸ ಆಯಿತು. ಮಾಯುಮಿಗೆ ನಿಜ ತಿಳಿಸಬೇಕು. ನಾಳೆ.

ಮೇ 5

ನಾಳೆ.

ಮೇ 13, ಮಧ್ಯಾಹ್ನ ಹನ್ನೆರಡು

ಲುವಾಲ್ಹಾತಿಯ ಮೊಬೈಲ್ ರೀಚಾರ್ಜ್ ಅಂಗಡಿಗೆ ಛತ್ರಿ ಕೊಡಲು ಹೋದೆ. ಬಾಗಿಲಲ್ಲೇ ಶುಂಠಿಯ ಘಮ. ಮೇಜಿನ ಮೇಲೆ ಮಾಂಗ್ ಓಸ್ತಿಂಗ್ ಮನೆಯ ನೀಲಿ ಕ್ಯಾರಿಯರ್. ಬಟ್ಟಲಲ್ಲಿ ಹಾವಿನ ತಲೆ, ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದೆ.

"ಬೈಬೇಡ ನಾನಾಯ್. ಮಾಂಗ್ ಓಸ್ತಿಂಗ್ ಮಾತು ಸರಿ. ಕೆಸರೂ ಇಲ್ಲ, ಗಿಸರೂ ಇಲ್ಲ. ನಿನ್ನ ನಾಲಗೆಗೇ ವಯಸ್ಸಾಗಿರೋದು."

"ಎಷ್ಟು ದಿನದಿಂದ?"

"ಒಂಬತ್ತು. ದಿನಾ ಕಳಿಸ್ತಾರೆ. ಮಾರ್ಕೆಟ್ಟಲ್ಲಿ ಎಲ್ಲಾರಿಗೂ ರುಚಿ ತೋರಿಸಿದಾರೆ, ಪಂಚಾಯ್ತಿ ಥರ. ಎಲ್ಲಾರೂ ಪಾಸು ಅಂದ್ರು."

ಮಾನಕ್ಕೆ ಬಿದ್ದ ಮನುಷ್ಯ. ನನ್ನ ತೀರ್ಪಿನ ಮೇಲೆ ಮೇಲ್ಮನವಿ ಹಾಕಿದ್ದಾರೆ, ಹಾಕಿದ್ದು ನನ್ನ ಮಗಳ ಹೊಟ್ಟೆಗೆ. ವಾರಕ್ಕೆರಡು ದಿನ ಉಣ್ಣುತ್ತಿದ್ದವಳು ನನ್ನ ಸುಳ್ಳಿನಿಂದಾಗಿ ದಿನಾ ಉಂಡಿದ್ದಾಳೆ.

ಬಟ್ಟಲು ಕಸಿದೆ. ಕೈ ಜಾರಿತು. ತಲೆ ನೆಲದ ಮೇಲೆ ಉರುಳಿತು.

ಅದೇ ದಿನ, ಮೂರು ಗಂಟೆ

ಹೇಳಿದೆ.

ಖಾಲಿ ಕ್ಯಾರಿಯರ್ ಒಯ್ಯಲು ಮಾಂಗ್ ಓಸ್ತಿಂಗ್ ಅಂಗಡಿಗೆ ಗೆದ್ದ ಹುಂಜದ ಹಾಗೆ ಎದೆ ಉಬ್ಬಿಸಿಕೊಂಡು ಬಂದಿದ್ದರು. "ಏನಂತಾಳೆ ಸುಪ್ರೀಂ ಕೋರ್ಟು?" ಎಂದು ಲುವಾಲ್ಹಾತಿಯತ್ತ ಕೈ ತೋರಿಸಿದರು. ಇಬ್ಬರನ್ನೂ ಕೂರಿಸಿ, ಅಂದಿನಿಂದ ಚೀಲದಲ್ಲೇ ಇದ್ದ ಮಾಯುಮಿಯ ಕಾಗದ ಬಿಡಿಸಿದೆ. ಕಾರ್ಖಾನೆ, ಹೊಂಡ, ಸಾವಿರ ತಟ್ಟೆ, ಹತ್ತು ತಟ್ಟೆ — ಮಾಯುಮಿ ಹೇಳಿದಂತೆಯೇ ಹೇಳಿದೆ. ಕೆಸರು ವಾಸನೆ ಸುಳ್ಳು ಎಂದೂ ಹೇಳಿದೆ.

ಮಾಂಗ್ ಓಸ್ತಿಂಗ್ ಕ್ಯಾರಿಯರ್ ಕೆಳಗಿಟ್ಟರು. "ನಾನು ಮರ್ಯಾದೆಗೆ ಕಳಿಸಿದ್ದು ಕಣಮ್ಮಾ," ಎಂದರು ಲುವಾಲ್ಹಾತಿಗೆ. ಆಮೇಲೆ, ಯಾರಿಗೂ ಅಲ್ಲದಂತೆ, "ನಮ್ಮನೇಲೂ ಅದೇ ತಿನ್ನೋದು. ಎರಡು ವರ್ಷದ ಮೊಮ್ಮಗಳು... ಮುಳ್ಳು ತೆಗೆದು ನಾನೇ ಬಾಯಿಗಿಡ್ತೀನಿ." ಕ್ಯಾರಿಯರ್ ಬಿಟ್ಟೇ ಹೋದರು.

ಲುವಾಲ್ಹಾತಿ ಅಳುತ್ತಾಳೆ ಎಂದುಕೊಂಡಿದ್ದೆ. ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದಳು.

"ನೀನೂ ತಿಂದಿದ್ದೀಯಲ್ಲ ನಾನಾಯ್. ನಿಂಗೂ ಏನಾದ್ರೂ ಆಗಿದ್ರೆ?"

"ಇಲ್ಲ ಮಗಾ. ನಾನು ಚಮಚದಲ್ಲಿ ರುಚಿ ನೋಡ್ತಿದ್ದೆ ಅಷ್ಟೆ. ಮಿಕ್ಕಿದ್ದೆಲ್ಲ ನಿಂಗೇ ಬಡಿಸ್ತಿದ್ದೆ."

ಅವಳು ಎದ್ದು ನೀಲಿ ಕ್ಯಾರಿಯರನ್ನು ಬಾಗಿಲ ಹೊರಗಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಮೇ 15

ಮಾಯುಮಿ ಬಂದಳು. ನಾನು ಅಂದು ಇಲ್ಲ ಎಂದದ್ದಕ್ಕೆ ಬೈಯಲಿಲ್ಲ. ಬೈಯಲು ಬರುವುದಿಲ್ಲವೋ, ಬಿಡುವಿಲ್ಲವೋ. ಮೈಯಲ್ಲಿ ಎಷ್ಟು ಸೇರಿದೆ ಎಂದು ಕೂದಲು ಹೇಳುತ್ತದಂತೆ. ಪೆನ್ಸಿಲ್ ದಪ್ಪದ ಎಳೆ, ಬುಡದಿಂದ. ಬಸುರಿ ಕೂದಲಿಗೆ ಕತ್ತರಿ ತಾಗಿಸಬಾರದು ಎಂದು ಪಕ್ಕದ ಮನೆಯವಳು ಬೇಲಿಯ ಮೇಲಿಂದಲೇ ಕೂಗಿದಳು. ಲುವಾಲ್ಹಾತಿ ಜಡೆ ಬಿಚ್ಚಿ ಬೆನ್ನು ಕೊಟ್ಟು ಕೂತಳು. "ನೀನೇ ಕತ್ತರಿಸು ನಾನಾಯ್."

ಕತ್ತರಿಸಿದೆ. ಹತ್ತೊಂಬತ್ತು ದಿನ ಕಾಯಬೇಕಂತೆ. ಇನ್ನು ತಿನ್ನದಿದ್ದರೆ ಮೈ ತಾನೇ ಸ್ವಲ್ಪ ಸ್ವಲ್ಪವಾಗಿ ಹೊರಹಾಕುತ್ತದಂತೆ. ಆದರೆ ನಿಧಾನ. ಮಗುವಿಗೆ ಅಷ್ಟು ನಿಧಾನವಿಲ್ಲ, ಜುಲೈಗೆ ಬರುತ್ತದೆ.

ಮೇ 20

ಸಂಘದ ಸಭೆ. ಮೂಡಣ ದಡ ಪೂರ್ತಿ ಫೇಲು ಎಂದೆ. ದಲಾಗ್ ಯಾರೂ ಮುಟ್ಟಬೇಡಿ ಎಂದೆ. ಹಿಂದಿನ ಬೆಂಚಿನಿಂದ ಯಾರೋ ಅಂದರು, "ಮೊನ್ನೆ ಕೆಸರು ಅಂದ್ಲು, ಇವತ್ತು ಪಾದರಸ ಅಂತಾಳೆ, ನಾಳೆ ಮೀನಿಗೆ ರೆಕ್ಕೆ ಬಂದಿದೆ ಅಂತಾಳೆ." ಎಲ್ಲರೂ ನಕ್ಕರು. ನಾನೇ ಬರೆದುಕೊಟ್ಟಂತಹ ಹಾಸ್ಯ.

ಮಾಂಗ್ ಓಸ್ತಿಂಗ್ ಎದ್ದು ನಿಂತರು. ನಗು ನಿಂತಿತು. "ನನ್ನ ಬೇಲಿ ನಾನು ಎತ್ತಲ್ಲ," ಎಂದು ಕೂತರು. ಮೂಡಣ ದಡದ ಮಿಕ್ಕ ಏಳು ಜನ ಎತ್ತಿದರು. ನನ್ನ ಹೂಂ ಇಲ್ಲದೆ ಬುಟ್ಟಿಗಳು ಹೋದವು. ನೋಡುತ್ತ ನಿಂತೆ.

ಜೂನ್ 3, ಬೆಳಿಗ್ಗೆ ಹತ್ತು

ಇವತ್ತು ಫಲಿತಾಂಶ. ಮಾಯುಮಿ ಫೋನ್ ಮಾಡುತ್ತಾಳೆ. ತಾನೇ ಎತ್ತುತ್ತೇನೆ ಎಂದು ಲುವಾಲ್ಹಾತಿ ಬೆಳಗಿನಿಂದ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ. ನನಗೆ ಒಳಗೆ ಅಕ್ಕಿ ಆರಿಸುವ ಕೆಲಸ ಕೊಟ್ಟಿದ್ದಾಳೆ. ಅಕ್ಕಿಯಲ್ಲಿ ಕಲ್ಲಿಲ್ಲ. ಮೂರನೇ ಸಲ ಆರಿಸಿಯೂ ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಫೋನ್.

ಹಲೋ ಎಂದಳು. ಹೂಂ ಎಂದಳು. ಮತ್ತೆ ಹೂಂ. ಎಷ್ಟು, ಇನ್ನೊಂದ್ಸಲ ಹೇಳಿ, ಎಂದಳು. ಕುರ್ಚಿ ಸರಿದ ಸದ್ದು. ನಾನಾಯ್ ಎಂದು ಕರೆಯುತ್ತಿದ್ದಾಳೆ. ದನಿಯಿಂದ ಏನೆಂದು ಗೊತ್ತಾಗುತ್ತಿಲ್ಲ. ಪೆನ್ನು ಇಟ್ಟು ಹೋಗುತ್ತಿದ್ದೇನೆ.