ಗೇಟ್ ಕಡೆಯ ಗೋಲು

ಮಾರ್ಚ್ 3, ಸೋಮವಾರ
ಫುಟ್‌ಬಾಲ್ ಗ್ರೌಂಡಿನ ಹಳೇ ಟರ್ಫ್, ಆ ಪ್ಲಾಸ್ಟಿಕ್ ಹುಲ್ಲು, ಪೂರ್ತಿ ಸುತ್ತಿ ಲಾರಿಗೆ ಹಾಕಿಸಿದೆ. ಹನ್ನೊಂದು ವರ್ಷದ ಧೂಳು, ಮರಳು, ಕೂದಲಿನ ಕ್ಲಿಪ್ಪು... ಯಾರದೋ ಒಂದು ಹಲ್ಲು ಕೂಡ! ಮೂಗು ಇನ್ನೂ ಉರಿಯುತ್ತಿದೆ. ಅಡಿಯ ರಬ್ಬರ್ ಹಾಸು ಪರವಾಗಿಲ್ಲ — ಗೇಟ್ ಕಡೆಯ ಗೋಲಿನ ಮುಂದೆ ಮಾತ್ರ ಕಲ್ಲಾಗಿದೆ. ಹೆಬ್ಬೆರಳಿನಿಂದ ಒತ್ತಿದರೂ ಇಳಿಯುವುದಿಲ್ಲ. ಅಲ್ಲಿಗೆ ಹೊಸ ಹಾಸು ಬೇಕು ಎಂದು ಆಫೀಸಿಗೆ ಬರೆದೆ.

ಮಾರ್ಚ್ 6
ಆಫೀಸಿನ ಇಂಜಿನಿಯರ್ ಫೋನ್. "ಹೊಸದು ಬರೋಕೆ ಮೂರು ವಾರ ಆಗತ್ತಂತೆ. ಮ್ಯಾಚ್ ಇರೋದು ಹದಿನಾರಕ್ಕೆ. ಮೇಲೆ ಟರ್ಫ್ ಬಂದ್ಮೇಲೆ ಯಾರಿಗ್ರೀ ಕಾಣತ್ತೆ?"
ಕಾಣುವುದಿಲ್ಲ, ನಿಜ. ಬೀಳುವವರಿಗೆ ಗೊತ್ತಾಗುತ್ತದೆ. ಅದನ್ನು ಹೇಳಲಿಲ್ಲ. ಕಲ್ಲಾದ ಹಾಸಿನ ಮೇಲೆಯೇ ಹೊಸ ಟರ್ಫ್ ಹಾಸಿಸಿದೆ. ಪಟ್ಟಿಗಳ ಜಾಯಿಂಟ್ ಎಷ್ಟು ನೀಟಾಗಿ ಬಂತೆಂದು ಖುಷಿ ಬೇರೆ, ನಾಚಿಕೆಗೆಟ್ಟವಳಿಗೆ.

ಮಾರ್ಚ್ 12, ಮಧ್ಯಾಹ್ನ
ಟೆಸ್ಟಿಂಗಿನವನು ಬಂದಿದ್ದ. ಆರು ಜಾಗದಲ್ಲಿ ಭಾರ ಬೀಳಿಸಿ ನೆಲ ಎಷ್ಟು ಮೆತ್ತಗಿದೆ ಎಂದು ಅಳೆಯುತ್ತಾನೆ. ಯಾವ ಜಾಗ ಎಂದು ಡ್ರಾಯಿಂಗಿನಲ್ಲೇ ಇರುತ್ತದೆ, ಗೇಟ್ ಕಡೆಯ ಗೋಲಿನ ಮುಂದೆಯೂ ಒಂದು. ಅಲ್ಲಿ ಅಳೆಯುವ ಮುಂಚೆ ಅವನು ಟೀಗೆ ಹೋದಾಗ, ಹುಲ್ಲಿನ ಸಂದಿಗೆ ತುಂಬುವ ರಬ್ಬರ್ ಕಾಳು ಎರಡು ಬಕೆಟ್ ಹೆಚ್ಚಿಗೆ ಸುರಿದು ಬ್ರಷ್ ಎಳೆದೆ. ಯಾರೂ ಹೇಳಿರಲಿಲ್ಲ. ನಾನೇ.
ಪಾಸ್. "ಒಳ್ಳೇ ಕೆಲಸ ಮೇಡಂ" ಎಂದು ಹೊಗಳಿ ಹೋದ. ಒಂದು ಪ್ರಾಕ್ಟೀಸಿಗೆ ಆ ಕಾಳು ಚದುರಿಹೋಗುತ್ತದೆ.

ಮಾರ್ಚ್ 15
ನಿನ್ನೆ ಪ್ರಾಕ್ಟೀಸಿನಲ್ಲಿ ಯಾವುದೋ ಟೀಮಿನ ಕೀಪರ್ ಹುಡುಗಿ ಆ ಗೋಲಿನಲ್ಲಿ ಬಿದ್ದು ಮೊಣಕೈ ಹಿಡಿದುಕೊಂಡಳು. ನೋಡಿಯೂ ನೋಡದವಳಂತೆ ಬಂದುಬಿಟ್ಟೆ.
ಸಂಜೆ ಅಕ್ಕನ ಮಗಳು ಕುಣಿಯುತ್ತ ಬಂದಳು. ಇವಳೂ ಗೋಲ್‌ಕೀಪರೇ. ಹಿಡಿದ ಚೆಂಡು ಬಿಡದವಳು, ಮನೆಯಲ್ಲಿ ಜಿಗಣೆ ಎನ್ನುತ್ತೇವೆ. ನಾಳೆಯ ಮ್ಯಾಚಿನಲ್ಲಿ ಇವಳ ಟೀಮೂ ಆಡುತ್ತದಂತೆ!
"ನಮ್ ಚಿಕ್ಕಮ್ಮ ಹಾಕ್ಸಿರೋ ಗ್ರೌಂಡು ಅಂತ ಎಲ್ರ ಹತ್ರ ಜಂಬ ಕೊಚ್ಕೊಂಡಿದೀನಿ. ಹೇಗ್ ಡೈವ್ ಹೊಡೀತೀನಿ ನೋಡ್ತಿರು!"
"ಹುಷಾರು ಕಣೇ" ಎಂದೆ. ಬಾಯಿಗೆ ಬಂದದ್ದು ಅಷ್ಟೇ.

ಮಾರ್ಚ್ 16, ಬೆಳಿಗ್ಗೆ 7.40
ಕೊಯ್ದೆ. ಗೋಲಿನ ಮುಂದೆ ಐದು ಮೀಟರ್ ಟರ್ಫ್, ನನ್ನದೇ ಜಾಯಿಂಟ್ ಬಿಚ್ಚಿ. ಟರ್ಫ್ ಮಡಚಿಟ್ಟು ಅಲ್ಲೇ ಕೂತಿದ್ದೇನೆ. ಮ್ಯಾಚ್ ಇಲ್ಲ. ಇಂಜಿನಿಯರ್ ಫೋನಿನಲ್ಲೇ ಹಾರಾಡಿದ. "ಟೆಸ್ಟಲ್ಲಿ ಮೋಸ ಮಾಡಿದ್ದು ನಾನೇ, ಬರೆದು ಕೊಡ್ತೀನಿ" ಎಂದೆ. ಕೆಲಸ ಹೋದಂತೆಯೇ.
ಜಿಗಣೆ ಬಂದಳು, ಗ್ಲೌಸ್ ಹಾಕಿಕೊಂಡೇ. ಎಲ್ಲ ಹೇಳಿದೆ — ಹಾಸು, ಬಕೆಟ್, ಮೊನ್ನೆ ಬಿದ್ದವಳ ಮೊಣಕೈ. ಅಪ್ಪಿಕೊಳ್ಳುತ್ತಾಳೆ ಎಂದುಕೊಂಡಿದ್ದೆನೋ ಏನೋ. ಗ್ಲೌಸ್ ಬಿಚ್ಚಿದಳು.
"ಇವತ್ತು ನಾನು ಆಡ್ದೇ ಇದ್ದಿದ್ರೆ ಕೊಯ್ತಿದ್ಯಾ ಚಿಕ್ಕಮ್ಮ?"
ಎದುರಿನ ಬೆಂಚಿನಲ್ಲಿ ಕೂತಿದ್ದಾಳೆ, ಉತ್ತರಕ್ಕೆ ಕಾಯುತ್ತ. ಕೊಯ್ಯುತ್ತಿದ್ದೆ ಎನ್ನಲು ಎರಡು ಸಲ ಬಾಯಿ ತೆರೆದೆ. ಆದರೆ ಮೊನ್ನೆ ಆ ಹುಡುಗಿ ಬಿದ್ದಾಗ ಕೊಯ್ಯಲಿಲ್ಲವಲ್ಲ.