ಖಾಲಿ ಹಾಳೆಯ ಮೇಲೆ ನನ್ನ ಸಹಿ

ಮಾರ್ಚ್ 9, ಆಲುವ

ಹತ್ತು ರಿಪೇರಿ ಹಾಳೆ ಮುಗೀತು. ಇನ್ನೂ ಹತ್ತು. ಯಾವ ಕೆಲಸ, ಯಾವ ದಿನ — ಎಲ್ಲ ಖಾಲಿ. ಕೆಳಗೆ ನನ್ನ ಸಹಿ ಮಾತ್ರ.

ರಬ್ಬರ್ ತೋಟಗಳಿಗೆ ಔಷಧಿ ಹೊಡೆಯುವ ನಮ್ಮ ಹೆಲಿಕಾಪ್ಟರ್ ನಾಳೆ ಪುನಲೂರಿನ ಆಚೆ ಹೋಗುತ್ತದೆ. ಅಲ್ಲಿ ಒಂದು ಸ್ಪಾರ್ಕ್ ಪ್ಲಗ್ ಬದಲಿಸಿದರೂ ಇಂಜಿನಿಯರ್ ನೋಡಿ ಸಹಿ ಹಾಕದೆ ಹಾರುವಂತಿಲ್ಲ. ಇಂಜಿನಿಯರ್ ಅಂದರೆ ನಾನೊಬ್ಬಳೇ. ಇಲ್ಲಿಂದ ಐದು ತಾಸಿನ ದಾರಿ. ಬೆಳಿಗ್ಗೆ ಗಾಳಿ ಏಳುವುದರೊಳಗೆ ಹಾರಾಟ ಮುಗಿಯಬೇಕು. ಅದಕ್ಕೇ ಸಹಿ ಹಾಕಿದ ಹಾಳೆ ಮೊದಲೇ ಪೈಲಟ್ ಕೈಗೆ ಕೊಡುವ ಈ ಏರ್ಪಾಡು. ಆರು ವರ್ಷದಿಂದ. ಛೇ, ನಾಚಿಕೆಗೇಡು. ಆದರೂ ಹಾಕಿದೆ.

ಮಾರ್ಚ್ 12

ವಿಮಾನಯಾನ ಇಲಾಖೆಯಿಂದ ಹೊಸ ನಿಯಮದ ಕರಡು ಬಂದಿದೆ! ದೂರದ ತೋಟ, ಗದ್ದೆಗಳ ಮೇಲೆ ಹಾರುವ ಪೈಲಟ್ ತರಬೇತಿ ಪಡೆದಿದ್ದರೆ ಹನ್ನೊಂದು ಸಣ್ಣ ರಿಪೇರಿ ತಾನೇ ಮಾಡಿ, ತನ್ನ ಹೆಸರಲ್ಲೇ ಸಹಿ ಹಾಕಬಹುದು. ಪ್ಲಗ್, ಬಲ್ಬ್, ಬ್ಯಾಟರಿ... ಉಳಿದದ್ದಕ್ಕೆ ಇಂಜಿನಿಯರ್ ಹೋಗಲೇಬೇಕು. ಯಾರೋ ಪುಣ್ಯಾತ್ಮರು ಬರೆದಿದ್ದಾರೆ. ಏಪ್ರಿಲ್ 3ಕ್ಕೆ ತಿರುವನಂತಪುರದಲ್ಲಿ ಅಹವಾಲು ಸಭೆ.

ಮಾರ್ಚ್ 27

ತೋಟದಿಂದ ಹಾಳೆಗಳ ಫೋಟೊ. ಪ್ಲಗ್, ಪ್ಲಗ್, ಬಲ್ಬ್. ನಾಲ್ಕನೆಯದು — ಬಾಲದ ರೋಟರಿನ ಬೋಲ್ಟ್! ಅದು ಕಳಚಿದರೆ ಹೆಲಿಕಾಪ್ಟರ್ ಗಿರಕಿ ಹೊಡೆದು ಬೀಳುತ್ತದೆ. ಪೈಲಟ್ ತರುಣ್‌ಗೆ ಫೋನ್ ಮಾಡಿದೆ.

"ಎಂತ ಮಾರಾಯ ಇದು? ಆ ಬೋಲ್ಟ್ ನೀನು ಮುಟ್ಟುದಾ?"

"ಲೂಸ್ ಆಗಿತ್ತು ಮೇಡಂ, ಟೈಟ್ ಮಾಡ್ದೆ. ನಿಮ್ಮ ಸೈನ್ ಇತ್ತಲ್ಲ?"

ಇತ್ತು. ಅದೇ ಕರ್ಮ. ಹಾರಬೇಡ ಅಂದು ಹೊರಟೆ. ಬೋಲ್ಟ್ ಸವೆದಿತ್ತು. ಹೊಸದು ಹಾಕಿದೆ. ಅವನು ಬಿದ್ದಿದ್ದರೆ ಕೊಂದವಳು ನಾನೇ. ಉಳಿದ ಹದಿನಾರು ಹಾಳೆ ವಾಪಸ್ ತಂದೆ.

ಏಪ್ರಿಲ್ 1

ಮತ್ತೆ ಪ್ಲಗ್. ನಾನೇ ಹೋದೆ. ಹೋಗಿ ಬರಲು ಹತ್ತು ತಾಸು, ಕೆಲಸ ಹದಿನೈದು ನಿಮಿಷ. ಹೆಲಿಕಾಪ್ಟರ್ ಎರಡು ದಿನ ನಿಂತಿತು. ಮಳೆಗಾಲಕ್ಕೆ ಮೊದಲೇ ಔಷಧಿ ಹೊಡೆದು ಮುಗಿಸಬೇಕು, ಮಳೆ ಕಾಯುವುದಿಲ್ಲ. ಹೀಗೇ ಆದರೆ ಮುಂದಿನ ವರ್ಷ ಇನ್ಯಾರೋ ಖಾಲಿ ಹಾಳೆಗೆ ಸಹಿ ಹಾಕುತ್ತಾರೆ.

ಏಪ್ರಿಲ್ 2, ತಿರುವನಂತಪುರ, ತಂಪಾನೂರಿನ ಲಾಡ್ಜ್

ಕಂಪನಿ ಮಾಲೀಕರು, ಉಮಾಮಹೇಶ್ವರ ಸರ್, ರೈಲಿನುದ್ದಕ್ಕೂ ಒಂದೇ ಮಾತು.

"ಹೊಸ ರೂಲು ಬೇಕು ಅಂತ ಮಾತ್ರ ಹೇಳಮ್ಮ ವಿಜಯಾ. ಖಾಲಿ ಹಾಳೆ ವಿಷಯ ಎತ್ಬೇಡ. ಹೋಗೋದು ನಿನ್ನ ಲೈಸೆನ್ಸು."

"ಗೊತ್ತುಂಟು ಸರ್. ಆದ್ರೆ ಅದು ಬಿಟ್ಟು ಹೇಳ್ಲಿಕ್ಕೆ ಬೇರೆ ಎಂತ ಉಂಟು?"

ಮುಖ ಊದಿಸಿಕೊಂಡರು. ಊದಿಸಿಕೊಳ್ಳಲಿ. ನನಗೂ ಭಯವಿದೆ. ಹನ್ನೆರಡು ವರ್ಷದ ಲೈಸೆನ್ಸ್. ಆದರೂ ಹೇಳುತ್ತೇನೆ.

ಏಪ್ರಿಲ್ 3, ಮಧ್ಯಾಹ್ನ 1.30, ಪಟ್ಟಂ, ತಿರುವನಂತಪುರ

ಸಭೆಯ ಹೊರಗೆ, ಬೆಂಚಿನ ಮೇಲೆ.

ಮೊದಲು ಮಾತಾಡಿದವರು ದೊಡ್ಡ ಮೇಂಟೆನೆನ್ಸ್ ಕಂಪನಿಯೊಂದರವರು. ಹಳೇ ನಿಯಮವೇ ಭದ್ರವಂತೆ. ಪ್ರತಿ ಪ್ಲಗ್ಗನ್ನೂ ಇಂಜಿನಿಯರ್ ಕಣ್ಣಾರೆ ನೋಡುತ್ತಾರಂತೆ. ಸಭೆಯ ಅಧ್ಯಕ್ಷರು ಹೌದೆಂದು ತಲೆಯಾಡಿಸಿದರು. ಮೈ ಉರಿಯಿತು.

ನನ್ನ ಸರದಿ. ಒಂದು ಖಾಲಿ ಹಾಳೆ ಅವರ ಮುಂದಿಟ್ಟೆ. ಮಲಯಾಳದಲ್ಲೇ ಹೇಳಿದೆ — "ಯಾವ ರಿಪೇರಿ ಬೇಕೋ ಬರೆಯಿರಿ ಸರ್. ರೆಕ್ಕೆಯೇ ಬದಲಿಸಿದೆ ಅಂತಲೂ ಬರೆಯಬಹುದು. ನಾನು ನೋಡಿದ್ದೇನೆಂದು ಆಗಲೇ ಸಹಿ ಹಾಕಿಯಾಗಿದೆ."

ಅಧ್ಯಕ್ಷರು ಪೆನ್ನು ಕೆಳಗಿಟ್ಟರು. "ಇಂಥವು ಎಷ್ಟು?"

"ಹದಿನಾರು ಇಲ್ಲಿವೆ. ಹಾರಿದವು ಎಷ್ಟೋ, ಲೆಕ್ಕ ಇಟ್ಟಿಲ್ಲ." ಬೋಲ್ಟಿನ ಕಥೆಯನ್ನೂ ಹೇಳಿದೆ. ಪೂರ್ತಿ.

ಲೈಸೆನ್ಸ್ ಕೇಳಿದರು. ಕೊಟ್ಟೆ. ಉಮಾಮಹೇಶ್ವರ ಸರ್ ನನ್ನತ್ತ ನೋಡುತ್ತಲೇ ಇಲ್ಲ.

ಒಳಗಿನಿಂದ ಗುಮಾಸ್ತೆ ಬಂದಳು. ಅಧ್ಯಕ್ಷರು ಕರೆಯುತ್ತಿದ್ದಾರಂತೆ, ಆ ಹನ್ನೊಂದು ಕೆಲಸಗಳ ಪಟ್ಟಿಯಲ್ಲಿ ಯಾವುದು ಇರಬೇಕು, ಯಾವುದು ಬೇಡ, ನಾನೇ ಕೂತು ಹೇಳಬೇಕಂತೆ. ಲೈಸೆನ್ಸ್? — ಅದು ಆಮೇಲೆ, ಅಂದಳು.

ಆಯಿತು. ಮೊದಲು ಪಟ್ಟಿ. ಒಂದು, ಪ್ಲಗ್. ಎರಡು—