ಬಟ್ಟಿ ತಿಕ್ಕುವ ಅವ್ವನಿಗೆ

ಕೊಂಢವಾ, ಪುಣೆ
೧೮ ಫೆಬ್ರವರಿ ೨೦೦೩

ಪ್ರೀತಿಯ ಅವ್ವಾ, ನಿನ್ನ ಅಂಬಾದಾಸ ಕಾಲು ಮುಟ್ಟಿ ಮಾಡುವ ನಮಸ್ಕಾರ.

ಮೊಣಕಾಲು ಹೇಗಿದೆ? ನೀನು ಹೇಳದೆ ಊರಿಗೆ ಹೋದೆ. ಹೇಳಿದ್ದರೆ ಸ್ವಾರಗೇಟಿನ ಬಸ್ ಸ್ಟ್ಯಾಂಡಿನವರೆಗೆ ನಾನೇ ಬರುತ್ತಿದ್ದೆ. ಇದನ್ನು ಶರಣಮ್ಮ ಅತ್ತಿಯ ಮಗಳು ಓದಿ ಹೇಳುತ್ತಾಳೆ. ಅವಸರ ಮಾಡಬೇಡ ಅನ್ನು ಅವಳಿಗೆ. ನಿನ್ನ ಮೊಮ್ಮಗಳು, ನಮ್ಮ ಇಂದೂ, ಈಗ ಆರಾಮಾಗಿದ್ದಾಳೆ. ಹೊಟ್ಟೆಯ ಹೊಲಿಗೆ ಬಿಚ್ಚಿದರು. ಶೆಡ್ಡಿನ ಮುಂದಿನ ಉಸುಕಿನ ಗುಡ್ಡೆ ಹತ್ತಬೇಡ ಅಂದರೆ ಅದನ್ನೇ ಹತ್ತುತ್ತಾಳೆ.

ಇಲ್ಲಿ ಕೆಲಸ ಮುಗಿಸಿ ಕೂತಾಗ ಊರಿನ ನಮ್ಮ ಕಟ್ಟೆ ನೆನಪಾಗುತ್ತದೆ. ಹೊಟ್ಟೆನೋವಿನ ಮಕ್ಕಳೆಲ್ಲ ಅಲ್ಲಿಗೇ ಬರುತ್ತಿದ್ದವು. ಹೊಕ್ಕುಳದ ಬಟ್ಟಿ ಸರಿದಿದೆ ಎಂದು ನೀನು ಅಂಗೈಗೆ ಎಣ್ಣೆ ಹಚ್ಚಿ ತಿಕ್ಕಿ ಕೂರಿಸುತ್ತಿದ್ದೆ. ಸಾಲಿ ತಪ್ಪಿಸಲು ನಾನೂ ಸುಳ್ಳು ನೋವು ತಂದು ಮಲಗುತ್ತಿದ್ದೆ. "ಉಸರು ಬಿಡೋ ಕಳ್ಳಾ, ಹೊಟ್ಟಿ ಬಿಗಿ ಹಿಡದ್ರ ಬಟ್ಟಿ ಹೆಂಗ ಕೂಡ್ತದ" ಎನ್ನುತ್ತಿದ್ದೆ ನೀನು. ಸುಳ್ಳೆಂದು ಗೊತ್ತಿದ್ದೂ ತಿಕ್ಕುತ್ತಿದ್ದೆ. ಎಷ್ಟು ಬೆಚ್ಚಗಿತ್ತು ಆ ಕೈ.

ಅದಕ್ಕೇ ಮೊನ್ನೆ ನೀನು ಇಲ್ಲಿದ್ದಾಗ ಇಂದೂ ಹೊಕ್ಕುಳ ಸುತ್ತ ನೋವು ಅಂದಾಗ ನೀನಷ್ಟೇ ಅಲ್ಲ, ನಾವೆಲ್ಲರೂ ಬಟ್ಟಿ ಅಂತಲೇ ಅಂದೆವು. ರೊಟ್ಟಿ ಒಲ್ಲೆ ಅಂದಳು, ವಾಂತಿ ಮಾಡಿದಳು, ನೀನು ತಿಕ್ಕಿದೆ. ಮರುದಿನ ನೋವು ಬಲಗಡೆ ಕೆಳಹೊಟ್ಟೆಗೆ ಇಳಿಯಿತು, ಮೈ ಸುಡತೊಡಗಿತು. ಬಟ್ಟಿ ಆ ಕಡೆ ಸರಿದಿದೆ ಎಂದು ನೀನು ಮತ್ತೆ ಎಣ್ಣೆ ಬಟ್ಟಲು ತಂದೆ. ಕೂಸು ಬಾಗಿ ನಡೆಯುವುದನ್ನು ಕಂಡು ಅಣ್ಣ ಧರ್ಮಣ್ಣ ಎತ್ತಿಕೊಂಡು ದವಾಖಾನೆಗೆ ಓಡಿದ. ಡಾಕ್ಟರು ಮರಾಠಿಯಲ್ಲಿ "ಉಡಿ ಮಾರ್ ಬಾಳಾ", ಹಾರು ಮಗು, ಅಂದರು. ಒಂದೇ ಸಲ ಹಾರಿದವಳು ಬಲಗಡೆ ಹಿಡಿದುಕೊಂಡು ಕುಸಿದಳು. ಅಪೆಂಡಿಕ್ಸ್ ಬಾತಿದೆ, ಒಡೆದರೆ ಹೊಟ್ಟೆ ತುಂಬ ಕೀವಾಗುತ್ತದೆ ಎಂದು ಅಂದು ಸಂಜೆಯೇ ಆಪರೇಷನ್ ಮಾಡಿದರು.

"ನಿನ್ನ ಕೈಯಾಗ ನನ್ನ ಕೂಸು ಹೋಗ್ತಿತ್ತು." ದವಾಖಾನೆಯಲ್ಲಿ ಎಲ್ಲರೆದುರು ಅಣ್ಣ ನಿನಗೆ ಹಾಗಂದ. ಇಂದೂ ಗಂಜಿ ಕುಡಿದ ದಿನವೇ ನೀನು ಹೊರಟುಹೋದೆ.

ನಾನು ಸುಳ್ಳು ಹೇಳುವುದಿಲ್ಲ ಅವ್ವಾ. ಡಾಕ್ಟರನ್ನು ಕೇಳಿದೆ. ಇಂಥ ಹೊಟ್ಟೆಯನ್ನು ತಿಕ್ಕಬಾರದು, ಔಡಲೆಣ್ಣೆ ಕುಡಿಸಬಾರದು, ನೋವು ಬಲಕ್ಕೆ ಇಳಿದರೆ ಗಳಿಗೆ ಕಾಯದೆ ತರಬೇಕು ಅಂದರು. ಅದು ಇನ್ನೂ ಒಡೆದಿರಲಿಲ್ಲ, ಹೊತ್ತಿಗೆ ಸರಿಯಾಗಿ ತಂದಿರಿ ಅಂತಲೂ ಅಂದರು. ಊರಲ್ಲಿ ಇನ್ನು ಯಾರಾದರೂ ಮಗುವನ್ನು ನಿನ್ನ ಮುಂದೆ ಮಲಗಿಸಿದರೆ ತಿಕ್ಕಬೇಡ, ದವಾಖಾನೆಗೆ ಅಟ್ಟು. ನಿನ್ನ ಮಾತು ಯಾರೂ ಮೀರುವುದಿಲ್ಲ.

ಇಂದೂ ಮಾತ್ರ ತನ್ನ ತಾಯಿ ಶಿವಕಾಂತಾ ವೈನಿಗೂ ತಲೆ ಕೊಡುತ್ತಿಲ್ಲ. "ಆಯಿನೇ ಎಣ್ಣಿ ಹಚ್ಚಬೇಕು" ಎಂದು ನಿನ್ನನ್ನೇ ಕೇಳುತ್ತಾಳೆ. ಕೂದಲು ಗೂಡಾಗಿದೆ.

ಶರಣಮ್ಮ ಅತ್ತಿಗೂ ಓಣಿಯ ಹಿರಿಯರಿಗೂ ನನ್ನ ಶರಣು ತಿಳಿಸು.

ನಿನ್ನ ಕಿರಿಮಗ,
ಅಂಬಾದಾಸ

ತಾ.ಕ.: ಅಮಾವಾಸ್ಯೆಗೆ ಕಟ್ಟಡದ ಗೌಂಡಿ ಕೆಲಸ ಬಂದ್, ಅಣ್ಣ ಊರಿಗೆ ಬರುತ್ತಾನೆ. ರೇಷನ್ ಕಾರ್ಡಿನ ಕೆಲಸ ಅನ್ನುತ್ತಾನೆ, ನಂಬಿದ ಹಾಗೆ ಮಾಡು. ಹೋಗಲು ಒಂದು, ಬರಲು ಎರಡು ಟಿಕೀಟು ತರಲು ನನಗೆ ಹೇಳಿದ. ಎರಡನೆಯದು ಯಾರಿಗೆ ಎಂದು ಕೇಳಿದ್ದಕ್ಕೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ತಪ್ಪಾಯಿತು ಅನ್ನುವುದು ಅವನ ಬಾಯಲ್ಲಿ ಬರುವುದಿಲ್ಲ, ಅದಕ್ಕಾಗಿ ಕಾಯಬೇಡ. ಚೀಲ ತುಂಬಿಟ್ಟಿರು.